ಎಡೆದೊರೆ ನಾಡಿನ ಅಂತರ್ಜಲಕ್ಕೆ ಎರಡೂ ರಾಜ್ಯಗಳ ಒಂದು ಲೆಕ್ಕ ಏಕಿಲ್ಲ?

ಪ್ರಶ್ನೆ (ಮಾನ್ವಿ, ರಾಯಚೂರು ಜಿಲ್ಲೆ)

ಮಾನ್ಯರೇ, ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ಕಾಲುವೆಗೆ ನೀರು ಬಾರದ ವರ್ಷ ಕೊಳವೆಬಾವಿಯೇ ನಮಗೆ ಗತಿ. ಗಡಿಯಾಚೆ ತೆಲಂಗಾಣದ ಗದ್ವಾಲ ಸೀಮೆಯ ರೈತರ ಪಾಡೂ ಬೇರೆಯಲ್ಲ. ನಮ್ಮ ತಾಲ್ಲೂಕಿನ ರಾಜಲಬಂಡಾ ಅಣೆಕಟ್ಟಿನಿಂದ ತಿರುಗುವ 17.1 ಟಿಎಂಸಿ ನೀರಿನಲ್ಲಿ ಕರ್ನಾಟಕಕ್ಕೆ 1.2, ಈಗಿನ ತೆಲಂಗಾಣದ ಭಾಗಕ್ಕೆ 15.9 ಟಿಎಂಸಿ ಎಂದು ಹಂಚಿಕೆಯಾಗಿದೆ. ಹೊಳೆಯ ನೀರಿಗೆ ಇಷ್ಟು ಖಚಿತವಾದ ಪಾಲು ಇರುವಾಗ, ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆಯ ಒಂದೇ ನೆಲದಡಿಯ ನೀರಿಗೆ ಎರಡೂ ರಾಜ್ಯಗಳು ಕೂಡಿ ಲೆಕ್ಕವಿಡುವ ವ್ಯವಸ್ಥೆ ಏಕಿಲ್ಲ? ಬೇರೆಲ್ಲಾದರೂ ಅಂಥದ್ದು ನಡೆದಿದೆಯೇ?

ಉತ್ತರ 1 (ಮುನಿರಾಬಾದ್, ಕೊಪ್ಪಳ ಜಿಲ್ಲೆ)

ಕಾರಣ, ಕೃಷ್ಣಾ ನದಿಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪಿನಲ್ಲೇ ಇದೆ. ಕೃಷ್ಣಾ ಕೊಳ್ಳದ ರಾಜ್ಯಗಳು ತಮ್ಮ ಗಡಿಯೊಳಗಿನ ಅಂತರ್ಜಲವನ್ನು ಬಳಸಲು ಸ್ವತಂತ್ರವೆಂದೂ, ಆ ಬಳಕೆಯನ್ನು ಕೃಷ್ಣಾ ನೀರಿನ ಬಳಕೆಯೆಂದು ಎಣಿಸತಕ್ಕದ್ದಲ್ಲವೆಂದೂ ಅದು ಘೋಷಿಸಿತು. ಕೊಳವೆಬಾವಿಗಳು ಇಂದಿನಷ್ಟಿಲ್ಲದ 1970ರ ದಶಕದಲ್ಲಿ ಆ ಮಾತು ಒಪ್ಪುವಂತಿತ್ತು. ಆದರೆ ಕಾಲುವೆಯಿಂದಲೂ ಗದ್ದೆಯಿಂದಲೂ ಇಂಗಿದ ನೀರೇ ಕೊಳವೆಬಾವಿಯಲ್ಲಿ ಮೇಲೆ ಬರುವ ನಮ್ಮ ಸೀಮೆಯಲ್ಲಿ, ಒಂದಕ್ಕೆ ಹನಿ ಹನಿಯ ಲೆಕ್ಕವಿಟ್ಟು ಇನ್ನೊಂದನ್ನು ಲೆಕ್ಕದಿಂದಲೇ ಹೊರಗಿಡುವುದು ಇಂದು ಸಮರ್ಥನೀಯವಲ್ಲ ಎಂದು ನನ್ನ ದೃಢ ಅಭಿಪ್ರಾಯ.

1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿಯಲ್ಲಿ ಇಂದು ಕೇಂದ್ರ, ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಪ್ರತಿನಿಧಿಗಳು ಒಟ್ಟಿಗೆ ಕೂಡುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವ ಕೆಲಸ ವಾರದೊಳಗೆ ಆದದ್ದನ್ನು ನಾವೆಲ್ಲ ಕಂಡಿದ್ದೇವೆ. ಕೂಡಿ ಕೆಲಸ ಮಾಡುವ ಶಕ್ತಿ ಇದೆ. ಅಂತರ್ಜಲ ಆ ಮಂಡಳಿಯ ಹೊಣೆಯಲ್ಲಿ ಸೇರಿಲ್ಲ, ಅಷ್ಟೇ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿರುವುದರಿಂದ, ಕಾಲುವೆಯ ಕೊರತೆಯನ್ನು ಕೊಳವೆಬಾವಿ ತುಂಬಬೇಕಾದ ಒತ್ತಡ ಇನ್ನೂ ಹೆಚ್ಚಲಿದೆ.

ಉತ್ತರ 2 (ರಾಯಚೂರು)

ಬೇರೆಡೆ ನಡೆದಿದೆ. ಸ್ವಿಟ್ಜರ್ಲೆಂಡಿನ ಜಿನೀವಾ ಪ್ರಾಂತ್ಯ ಮತ್ತು ಫ್ರಾನ್ಸಿನ ಓಟ್-ಸವೊಯ್ ಜಿಲ್ಲೆ, ಅತಿಯಾಗಿ ಎತ್ತಿ ಬತ್ತುತ್ತಿದ್ದ ತಮ್ಮ ನಡುವಿನ ಅಂತರ್ಜಲಕ್ಕಾಗಿ 1978ರಲ್ಲೇ ಒಪ್ಪಂದ ಮಾಡಿಕೊಂಡವು. ಆರ್ವ್ ನದಿಯ ನೀರನ್ನು ಶುದ್ಧೀಕರಿಸಿ ನೆಲಕ್ಕೆ ಇಂಗಿಸುತ್ತಾರೆ, ಎತ್ತಿದ ನೀರನ್ನು ಮೀಟರಿನಲ್ಲಿ ಅಳೆಯುತ್ತಾರೆ, ಇಂಗಿಸುವ ಖರ್ಚನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಒಪ್ಪಂದವನ್ನು 2008ರಲ್ಲಿ ನವೀಕರಿಸಲಾಯಿತು. ದೆಹಲಿಯಂಥ ದೂರದ ರಾಜಧಾನಿಗಳಿಗೆ ಬಿಡದೆ ಸ್ಥಳೀಯ ಆಡಳಿತಗಳೇ ಇದನ್ನು ನಡೆಸಿಕೊಂಡು ಬಂದಿರುವುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಆದರೆ ಅದನ್ನು ಹಾಗೆಯೇ ಇಲ್ಲಿಗೆ ತರಲಾಗದು. ಅಲ್ಲಿರುವುದು ನೀರು ಸಲೀಸಾಗಿ ಹರಿಯುವ ಮರಳು ಮತ್ತು ಜಲ್ಲಿಕಲ್ಲಿನ ಪದರ. ನಮ್ಮ ಕಾಲಡಿಯಲ್ಲಿರುವುದು ಗಟ್ಟಿ ಕಣಶಿಲೆ, ಅದರಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಹಾಗಾಗಿ ಮಾನ್ವಿಯ ಬಾವಿ ಬತ್ತಿದರೆ ಗದ್ವಾಲದ ಬಾವಿಯೂ ಬತ್ತೀತೆಂದು ಹೇಳಲಾಗದು. ಇಡೀ ಎಡೆದೊರೆಗೆ ಒಂದೇ ಮಂಡಳಿ ಎನ್ನುವುದಕ್ಕಿಂತ, ಗಡಿ ದಾಟುವ ಒಂದೊಂದು ಹಳ್ಳದ ಜಲಾನಯನವನ್ನು ಹಿಡಿದು ಎರಡೂ ಕಡೆಯ ಗ್ರಾಮ ಪಂಚಾಯಿತಿಗಳು ಮಳೆಗಾಲಕ್ಕೆ ಮುಂಚೆ ಮತ್ತು ಆನಂತರ ಬಾವಿಗಳ ನೀರಿನ ಮಟ್ಟವನ್ನು ಒಂದೇ ಕ್ರಮದಲ್ಲಿ ಅಳೆದು ಪರಸ್ಪರ ತೋರಿಸುವುದೇ ಇಲ್ಲಿ ಸರಿಯಾದ ಆರಂಭ.

ಉತ್ತರ 3 (ಸಿಂಧನೂರು)

ಗಡಿಯಾಚೆಗೆ ಹೋಗುವ ಮುಂಚೆ ಒಂದು ಮಾತು. ಎಡದಂಡೆ ಕಾಲುವೆ ಇರುವುದು ನಮ್ಮ ರಾಜ್ಯದಲ್ಲೇ. ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆಗಳನ್ನು ನೆಚ್ಚಿ ಯೋಜಿಸಿದ ಭೂಮಿಯಲ್ಲಿ ಮೇಲ್ಭಾಗದವರಾದ ನಾವು ಭತ್ತ ಹಾಕಿದೆವು. ನಮ್ಮಲ್ಲಿ ಅಂತರ್ಜಲ ಉಕ್ಕಿ ಭೂಮಿ ಸವಳು-ಜವಳಾಯಿತು (ಉಪ್ಪೇರಿ ಜೌಗಾಯಿತು), ನಿಮ್ಮಲ್ಲಿ ಕಾಲುವೆ ಒಣಗಿತು. ಅಂತರ್ಜಲದ ಲೆಕ್ಕದಲ್ಲಿ ನೀರು ಹೆಚ್ಚಾದ ಊರುಗಳೂ ಸೇರಲೇಬೇಕು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಹಳ್ಳದ ಮಟ್ಟದಲ್ಲಿ ಆರಂಭಿಸುವ ಸಲಹೆಯನ್ನು ನಮ್ಮ ಪಂಚಾಯಿತಿಯ ಮುಂದೆ ಇಡುತ್ತೇನೆ. ರಾಜಲಬಂಡಾದ ಕೆಳಗೆ ಎರಡೂ ರಾಜ್ಯಗಳ ಅಂತರ್ಜಲ ಇಲಾಖೆಗಳು ಮಟ್ಟ ಅಳೆಯುವ ವೀಕ್ಷಣಾ ಬಾವಿಗಳು ಯಾವ ಯಾವ ಊರಿನಲ್ಲಿವೆ ಎಂಬ ಪಟ್ಟಿ ಯಾರಲ್ಲಾದರೂ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.