ಅಪ್‌ಡೇಟ್: ಈ ಸಲ ಎಂಜಿನ್ ಆಯಿಲ್ ಬೆಳ್ಳಗಾಗಲಿಲ್ಲ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಮಲ್ಪೆಯಲ್ಲಿ ನಿಲ್ಲುವ ನಮ್ಮ ಟ್ರಾಲ್ ಬೋಟಿನ ಡೀಸೆಲ್ ಎಂಜಿನ್‌ಗೆ ಪ್ರತಿ ಮಳೆಗಾಲವೂ ತೇವ ಹಿಡಿಯುತ್ತದೆ, ಏನು ಮಾಡಲಿ ಎಂದು ಮೇ ತಿಂಗಳಲ್ಲಿ ಕೇಳಿದ್ದೆ. ಈಗ ಬೋಟು ಮತ್ತೆ ಕಡಲಿಗಿಳಿದಿದೆ.

ತಪ್ಪು ನನ್ನದೇ ಆಗಿತ್ತು. ಎಂಜಿನ್ ಕೆಡಬಾರದೆಂದು ವಾರಕ್ಕೊಮ್ಮೆ ಐದು ನಿಮಿಷ ಓಡಿಸುತ್ತಿದ್ದೆ. ಡೀಸೆಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಆ ಆವಿ ತಣ್ಣನೆಯ ಲೋಹದ ಮೇಲೆ ಹನಿಗಟ್ಟಿ ಆಯಿಲ್‌ಗೆ ಇಳಿದು ಅದನ್ನು ಬೆಳ್ಳಗಾಗಿಸುತ್ತದೆ. ಇದನ್ನು ಬಿಡಿಸಿ ಹೇಳಿದ ಹಿರಿಯರಿಗೆ ನಾನು ಋಣಿ.

ಈ ಬಾರಿ ಹಳೆಯ ಆಯಿಲ್ ಬದಲಿಸಿ, ಹೊಸದು ಎಲ್ಲ ಕಡೆ ಹರಡುವಷ್ಟು ಒಮ್ಮೆ ಓಡಿಸಿ ನಿಲ್ಲಿಸಿದೆ, ವಾರವಾರ ಓಡಿಸುವುದನ್ನು ಬಿಟ್ಟೆ. ಡೀಸೆಲ್ ಟ್ಯಾಂಕ್ ತುಂಬಿಸಿದೆ, ಖಾಲಿ ಜಾಗವಿದ್ದರಲ್ಲವೇ ಅಲ್ಲಿ ಹನಿಗಟ್ಟುವುದು! ಸೈಲೆನ್ಸರ್ ಬಾಯಿ ಮತ್ತು ಗಾಳಿ ಎಳೆಯುವ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ತೆಗೆಯಲು ಮರೆಯದಿರಲೆಂದು ಸ್ಟಾರ್ಟರ್ ಕೀಲಿಗೆ ಕೆಂಪು ಬಟ್ಟೆ ಕಟ್ಟಿದೆ. ಬಿಸಿಲು ಕಂಡ ದಿನ ಎಂಜಿನ್ ಕೋಣೆಯ ಮುಚ್ಚಳ ತೆರೆದಿಟ್ಟೆ.

ಆಗಸ್ಟ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಕಳೆದ ವರ್ಷ ಅದರೊಳಗೆ ಮಜ್ಜಿಗೆಯಂತಹ ಕೆನೆ ಅಂಟಿತ್ತು. ಈ ಸಲ ಬೆರಳಿಗೆ ಹತ್ತಿದ್ದು ಜೇನಿನ ಬಣ್ಣದ ಶುದ್ಧ ಎಣ್ಣೆ. ಡೀಸೆಲ್ ಫಿಲ್ಟರಿನ ತಳದಲ್ಲಿ ಮಾತ್ರ ಒಂದು ಚಮಚ ನೀರಿತ್ತು, ಬಸಿದೆ.

ಒಂದು ಎಚ್ಚರಿಕೆ: ಎಂಜಿನ್ ಕಾದು ಗಂಟೆಗಟ್ಟಲೆ ಓಡಿದ ಮೇಲೂ ಆಯಿಲ್ ಬೆಳ್ಳಗಿದ್ದರೆ ಅದು ಬರಿಯ ತೇವವಲ್ಲ. ಆಯಿಲ್ ಕೂಲರ್ (ಆಯಿಲ್ ತಣಿಸುವ ಭಾಗ) ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್‌ನ ಕೆಳಗಿನ ಸೀಲ್) ಸೋರಿ ಆಯಿಲ್‌ಗೆ ನೀರು ಸೇರುತ್ತಿರಬಹುದು, ತಕ್ಷಣ ಮೆಕ್ಯಾನಿಕ್‌ಗೆ ತೋರಿಸಿ.