100 ಮೀಟರ್ ಆಚೆ ಕೊಡವಿದರೆ ಸಾಕಂತೆ!

ಅಕ್ಕ: (ಫಾರ್ವರ್ಡ್ ಮಾಡಿದ್ದು) "ಜೇನುಪೆಟ್ಟಿಗೆಯಲ್ಲಿ ರಾಣಿ ಸತ್ತು ಆಳು ಜೇನುನೊಣಗಳೇ ಮೊಟ್ಟೆ ಇಡುತ್ತಿವೆಯೇ? ಪೆಟ್ಟಿಗೆಯನ್ನು 100 ಮೀಟರ್ ದೂರ ಒಯ್ದು ಎಲ್ಲ ನೊಣ ಕೊಡವಿ. ಪೆಟ್ಟಿಗೆ ವಾಪಸ್ ತಂದಿಡಿ. ಮೊಟ್ಟೆ ಇಡುವ ನೊಣಕ್ಕೆ ಹಾರಲು ಬಾರದು, ಅದು ಅಲ್ಲೇ ಉಳಿಯುತ್ತದೆ!!"

ಅಕ್ಕ: ನಮ್ಮ ಮೂರನೇ ಪೆಟ್ಟಿಗೆಗೆ ಇದೇ ಮದ್ದು. ನಾಳೆ ಮಾಡಲಾ?

ಚಿಕ್ಕಪ್ಪ: ಬೇಡ ಮಾರಾಯ್ತಿ. ಹಾರಲು ಬಾರದು ಅಂತ ಯಾರು ಹೇಳಿದರು? ಅದು ಅಂಡಾಶಯ ಬೆಳೆದ ಆಳು ನೊಣ ಅಷ್ಟೆ. ಒಂದೆರಡಲ್ಲ, ತುಂಬಾ ಇರುತ್ತವೆ. ನಿನಗಿಂತ ಮೊದಲು ಮನೆ ಸೇರುತ್ತವೆ.

ಭಾವ: ಸುಮ್ನೆ ಹೊಸ ರಾಣಿ ತಂದು ಬಿಡೋಣ. ಮುಗೀತು.

ಚಿಕ್ಕಪ್ಪ: ಅದನ್ನು ಕೊಂದೇ ಹಾಕುತ್ತವೆ, ಹೆಚ್ಚಿನ ಸಲ.

ನಾನು: ಅಕ್ಕ, ಮೊಟ್ಟೆ ಮೇಣದ ಎರಿಯ ಕಣದ ತಳದಲ್ಲಿತ್ತಾ, ಗೋಡೆಗಿತ್ತಾ? ಮೊಟ್ಟೆ ಇಡಲು ಹೊಸದಾಗಿ ಶುರು ಮಾಡಿದ ರಾಣಿಯೂ ಕೆಲವೊಮ್ಮೆ ಒಂದೇ ಕಣದಲ್ಲಿ ಎರಡು ಇಡುತ್ತಾಳೆ.

ಅಕ್ಕ: ಬಿಸಿಲಿಗೆ ಬೆನ್ನು ಹಾಕಿ, ಎರಿ ಓರೆ ಹಿಡಿದು ನೋಡಿದೆ ಕಣೋ. ಗೋಡೆಗೇ ಅಂಟಿವೆ. ಕೆಲವು ಕಣದಲ್ಲಿ ಐದು! ಮುಚ್ಚಿದ ಕಣಗಳು ಗುಳ್ಳೆ ಎದ್ದ ಹಾಗೆ ಉಬ್ಬಿವೆ. ನಡುನಡುವೆ ಖಾಲಿ.

ನಾನು: ಹಾಗಾದರೆ ಅನುಮಾನವೇ ಇಲ್ಲ. ಆಳಿನ ಹೊಟ್ಟೆ ಗಿಡ್ಡ, ತಳ ಮುಟ್ಟುವುದಿಲ್ಲ. ಗಂಡಿನ ಜೊತೆ ಕೂಡದೆ ಇಟ್ಟ ಮೊಟ್ಟೆ, ಹುಟ್ಟುವುದೆಲ್ಲ ಗಂಡೇ.

ಭಾವ: ಗಂಡಸರೇ ತುಂಬಿದ ಮನೆ. ಕೆಲಸ ಯಾರು ಮಾಡ್ತಾರೆ 😄

ಅಕ್ಕ: ಅನುಭವದ ಮಾತು!

ಚಿಕ್ಕಪ್ಪ: ಕೇಳಿ. ಆಳುಗಳ ಅಂಡಾಶಯ ಬೆಳೆಯದಂತೆ ತಡೆಯುವುದು ರಾಣಿಯ ವಾಸನೆ ಒಂದೇ ಅಲ್ಲ, ಮುಚ್ಚದ ಕಣದ ಮರಿಗಳ ವಾಸನೆ ಕೂಡ. ಗಟ್ಟಿ ಪೆಟ್ಟಿಗೆಯಿಂದ ಮೊಟ್ಟೆ, ಎಳೆ ಮರಿ ಇರುವ ಎರಿ ಒಂದು ಕೊಡಬೇಕು. ಅದರ ರಾಣಿ ಜೊತೆಗೆ ಬಾರದಂತೆ ನೋಡಿಕೊಳ್ಳಿ. ವಾರ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ಮೊದಲನೆಯದರಲ್ಲಿ ಆಳುಗಳು ಹೊಸ ರಾಣಿ ಬೆಳೆಸುವ ಕಣ ಕಟ್ಟದಿದ್ದರೂ ಎರಡನೆಯದರಲ್ಲೋ ಮೂರನೆಯದರಲ್ಲೋ ಕಟ್ಟುತ್ತವೆ.

ಅಕ್ಕ: ಮೂರು ಎರಿ ನನ್ನ ಒಂದನೇ ಪೆಟ್ಟಿಗೆಯಿಂದ ತಾನೆ? ಅದೂ ಬಡವಾದರೆ?

ನಾನು: ಅದೂ ಸರಿ. ಮೊಟ್ಟೆಯಿಂದ ರಾಣಿ ಹೊರಬರಲು 16 ದಿನ. ಗಂಡಿನ ಜೊತೆ ಕೂಡಿ ಮೊಟ್ಟೆ ಶುರು ಮಾಡಲು ಇನ್ನೂ ಒಂದೆರಡು ವಾರ. ಆಮೇಲೆ ಅವಳ ಆಳು ಹುಟ್ಟಲು ಸುಮಾರು 21 ದಿನ. ಅಲ್ಲಿವರೆಗೆ ಈಗಿನ ನೊಣ ಉಳಿದಿರಬೇಕಲ್ಲ. ಎಷ್ಟಿವೆ?

ಅಕ್ಕ: ಎರಡು ಎರಿ ಮುಚ್ಚುವಷ್ಟೇ.

ಚಿಕ್ಕಪ್ಪ: ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಹಾಗಾದರೆ ಕೊಡವಿಬಿಡು.

ಅಕ್ಕ: ನಾನು ಹೇಳಿದ್ದೂ ಅದೇ ಅಲ್ವಾ???

ಚಿಕ್ಕಪ್ಪ: ಕೊಡವುವುದು ಸರಿ, ಪೆಟ್ಟಿಗೆ ವಾಪಸ್ ಇಡುವುದು ತಪ್ಪು. ರೋಗ ಇಲ್ಲ ಅಂತ ನೋಡಿಕೊಂಡು ಗಟ್ಟಿ ಪೆಟ್ಟಿಗೆಗಳ ಮುಂದೆ ಕೊಡವು. ಇದನ್ನು ಜಾಗದಿಂದಲೇ ತೆಗೆ. ಮನೆ ಕಾಣದೆ ಪಕ್ಕದವುಗಳಿಗೆ ಸೇರಿಕೊಳ್ಳುತ್ತವೆ. ಅಲ್ಲಿ ರಾಣಿಯೂ ಮರಿಯೂ ಇರುವಾಗ ಇವುಗಳ ಆಟ ನಡೆಯದು. ಮುಂದೆ ಒಂದನೆಯದನ್ನೇ ಪಾಲು ಮಾಡಿದರಾಯಿತು.

ಭಾವ: ಗಂಡು ಮರಿಯ ಎರಿ?

ಚಿಕ್ಕಪ್ಪ: ಕರಗಿಸಿ, ಮೇಣ ಸಿಗುತ್ತದೆ.

ಅಕ್ಕ: ನಾಳೆ ಬಿಸಿಲು ಏರಿದ ಮೇಲೆ ಮಾಡ್ತೇನೆ. ಫಾರ್ವರ್ಡ್ ಮಾತ್ರ ಡಿಲೀಟ್ ಮಾಡಲ್ಲ, ಅರ್ಧ ಸರಿಯಾಗಿತ್ತು.