ಮ್ಯಾಪ್‌ನ್ಯಾಗ ತೊಗರಿ ಲೆಕ್ಕ ಕಮ್ಮಿ ಬರ್ಲಕತ್ತದ (ಡೈನಾಮಿಕ್ಸ್, ಎಕ್ಸ್ ಪ್ಲಸ್ ಪ್ಲಸ್)

ಗಂಜಿನ ಹುಡುಗ:
ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯ ದಾಲ್ ಮಿಲ್ ಒಂದರ ಸಾಫ್ಟ್‌ವೇರ್ ನೋಡ್ಕೊಳ್ತೀನಿ. ಅದು ಮೈಕ್ರೋಸಾಫ್ಟಿನ ಡೈನಾಮಿಕ್ಸ್, ಕೋಡ್ ಬರೆಯೋದು ಅದರ ಎಕ್ಸ್ ಪ್ಲಸ್ ಪ್ಲಸ್ ಭಾಷೆನ್ಯಾಗ. ತೂಕದ ಕಾಟಾದಿಂದ ಬರೋ ಫೈಲ್ ಓದಿ, ಮಾಲಿನ ಹೆಸರು ಕೀ, ಕ್ವಿಂಟಲ್ ವ್ಯಾಲ್ಯೂ ಅಂತ ಮ್ಯಾಪಿಗೆ (ಒಂದೊಂದು ಕೀಗೆ ಒಂದೊಂದು ವ್ಯಾಲ್ಯೂ ಇಡೋ ಪಟ್ಟಿಗೆ) ಇನ್ಸರ್ಟ್ ಮಾಡ್ಲಕತ್ತೀನಿ. ನಿನ್ನೆ ತೊಗರಿ ಮೂರು ಗಾಡಿ ಬಂದಿತ್ತು: 12, 8, 20. ರಿಪೋರ್ಟ್‌ನ್ಯಾಗ ಬರೇ 20 ಅದ! ಎರರ್ ಒಂದೂ ಇಲ್ಲ. ಮುನೀಮ್ರು ವಹಿ ತೆಗೆದು 40ರ ಮ್ಯಾಲೆ ಬೆರಳಿಟ್ಟು ತೋರಿಸಿದ್ರು, ಮಾರಿ ತೋರ್ಸಂಗಿಲ್ಲದಂಗಾತು. ಲೂಪ್ ಪೂರ್ತಿ ತಿರುಗವಲ್ದೇನು?

ಬೀದರ್ ಕಾಕಾ:
ಲೂಪಿಂದಲ್ಲ ತಮ್ಮಾ, ಇನ್ಸರ್ಟಿಂದು. ಅದೇ ಕೀ ಮತ್ತ ಹಾಕಿದ್ರ ಅದು ಕೂಡಿಸಂಗಿಲ್ಲ, ಹಳೇದು ಒರೆಸಿ ಹೊಸದು ಬರೀತದ. ಕೊನೀ ಗಾಡಿ 20, ಅದಷ್ಟೇ ಉಳೀತು. ಮೊದಲ ಆ ಕೀ ಅದನೋ ಇಲ್ಲೋ ಅಂತ ಎಕ್ಸಿಸ್ಟ್ಸ್ ಹಾಕಿ ಕೇಳು. ಇದ್ರ ಲುಕಪ್ ಮಾಡಿ ಹಳೇ ತೂಕ ತಗೋ, ಹೊಸದು ಕೂಡಿಸಿ ಇನ್ಸರ್ಟ್ ಮಾಡು. ಕೇಳದೇ ಲುಕಪ್ ಮಾಡೀಯಾ, ಇಲ್ಲದ ಕೀ ಬಂದ ಕೂಡ್ಲೇ ಎರರ್ ಕೊಟ್ಟು ನಿಲ್ತದ.

ಮ್ಯಾಪಿನ ಸಾಲು ಒಂದೊಂದಾಗಿ ಓದೋ ಮುಂದ ಮ್ಯಾಪ್ ಎನ್ಯುಮರೇಟರ್ ಹಿಡಿ. ಅದು ಮೊದಲನೇ ಸಾಲಿಗಿಂತ ಮೊದಲೇ ನಿಂತಿರ್ತದ, ಮೂವ್‌ನೆಕ್ಸ್ಟ್ ಅಂದ್ರ ಮುಂದ ಬರ್ತದ. ಅದೇ ಕೆಲಸಕ್ಕ ಇಟರೇಟರ್ ಅಂತ ಇನ್ನೊಂದು ಅದ, ಅದು ಮೊದಲನೇದರ ಮ್ಯಾಲೇ ಕುಂತಿರ್ತದ. ಲೂಪಿನ ತುದಿಗೆ ನೆಕ್ಸ್ಟ್ ಮರೆತ್ರ ಅಲ್ಲೇ ಗಿರಕಿ. ನಾ ಒಮ್ಮೆ ಮರೆತು ಚಾ ಕುಡ್ಯಾಕ ಹೋಗಿದ್ದೆ, ಬಂದ್ರೂ ತಿರುಗ್ತಲೇ ಇತ್ತು.

ಯಾದಗಿರಿಯಾಂವ:
ಮ್ಯಾಪ್ ಯಾಕ ಬೇಕ್ರಿ? ಸೆಲೆಕ್ಟ್‌ನ್ಯಾಗ ಸಮ್, ಗ್ರೂಪ್ ಬೈ ಹಾಕಿದ್ರ ಡೇಟಾಬೇಸೇ ಕೂಡಿಸಿ ಕೊಡ್ತದ.

ಗಂಜಿನ ಹುಡುಗ:
ಟೇಬಲ್‌ನ್ಯಾಗ ಇದ್ದಿದ್ರ ಹಂಗೇ ಮಾಡ್ತಿದ್ದೆ ಅಣ್ಣಾ. ಇದಿನ್ನ ಫೈಲಿನ್ಯಾಗೇ ಅದ, ಕೂಡಿಸಿದ ಮ್ಯಾಲೇ ಟೇಬಲಿಗೆ ಹೋಗ್ಬೇಕು.

ಕಾಕಾ, 40 ಬಂತು! ಆದ್ರ ಇವತ್ತಿನ ಫೈಲಿಗೆ ತೊಗರಿ ಎರಡು ಸಾಲು ಬಂದದ, ಒಂದು 15, ಒಂದು 9. ಒಂದೇ ಕೀ ಎರಡು ಸಲ ಹೆಂಗ ಇರ್ತದ್ರಿ?

ಬೀದರ್ ಕಾಕಾ:
ಇರಂಗಿಲ್ಲ. ನಿನ್ನ ಕಣ್ಣಿಗೆ ಒಂದೇ, ಮ್ಯಾಪಿಗೆ ಎರಡು. ಕೀ ಹಿಂದ ಮುಂದ ಕೋಟ್ ಹಚ್ಚಿ ಇನ್ಫೋಲಾಗಿಗೆ (ಮೆಸೇಜ್ ತೋರ್ಸೋ ಕಿಟಕಿಗೆ) ಬರೆಸಿ ನೋಡು.

ಗಂಜಿನ ಹುಡುಗ:
ಸಿಕ್ತು ನೋಡ್ರಿ:
'ತೊಗರಿ'
'ತೊಗರಿ '
ಎರಡನೇದಕ್ಕ ಬಾಲದಾಗ ಸ್ಪೇಸ್! ಕಾಟಾದ ಹುಡುಗ ಹೆಸರು ಕೈಲೇ ಟೈಪ್ ಮಾಡ್ತಾನಂತ. ಬಲಗಡೆ ಸ್ಪೇಸ್ ಕತ್ತರಿಸೋ ಟ್ರಿಮ್ ಹಾಕ್ದೆ, 24 ಬಂತು.

ಬೀದರ್ ಕಾಕಾ:
ನಾಳಿಗೆ ಅವ 'ತೋಗರಿ' ಅಂತ ಹೊಡೆದ್ರ ಟ್ರಿಮ್ ಏನ್ ಮಾಡ್ತದ? ಹೆಸರು ಬ್ಯಾಡ, ಐಟಂ ಕೋಡ್ ಕೀ ಮಾಡು.

ಗಂಜಿನ ಹುಡುಗ:
ಫೈಲಿನ್ಯಾಗ ಕೋಡಿನ ಕಾಲಮ್ಮೇ ಇಲ್ಲ ಕಾಕಾ. ಸಂಜೀಗಿ ಕಾಟಾದ ಕಡೆ ಹೋಗಿ ಕೇಳ್ತೀನಿ.